ಹ್ಯಾಂಡ್‌ಬಾಲ್ ಗೋಲ್‌ಕೀಪರ್

ಹ್ಯಾಂಡ್‌ಬಾಲ್ ಗೋಲ್‌ಕೀಪರ್ ಎಂದರೆ ಏಳು ಮಂದಿಯ ಹ್ಯಾಂಡ್‌ಬಾಲ್ ತಂಡದಲ್ಲಿ ಗೋಲಿನ ಮುಂದಿನ ಆರು ಮೀಟರ್ ವಲಯವನ್ನು ಕಾಯುವ, ಎದುರಾಳಿ ಎಸೆದ ಚೆಂಡನ್ನು ಕೈ, ಕಾಲು, ಎದೆ, ಹೀಗೆ ಮೈಯ ಯಾವ ಭಾಗದಿಂದಲಾದರೂ ತಡೆಯುವ ಹಕ್ಕುಳ್ಳ ಆಟಗಾರ. ಉಳಿದ ಆರು ಮಂದಿಯನ್ನು ಈ ಲೇಖನದಲ್ಲಿ ‘ಅಂಗಣದ ಆಟಗಾರರು’ ಎಂದೂ, ಗೋಲಿನ ಮುಂದಿನ ಅರ್ಧವರ್ತುಲದ ಜಾಗವನ್ನು ‘ಗೋಲು ವಲಯ’ ಎಂದೂ, ಏಳು ಮೀಟರ್ ದೂರದಿಂದ ಹೊಡೆಯುವ ದಂಡನೆಯ ಎಸೆತವನ್ನು ‘ಪೆನಾಲ್ಟಿ’ ಎಂದೂ ಕರೆಯಲಾಗಿದೆ.

ಫುಟ್‌ಬಾಲ್ ಕೀಪರ್ ಒಂದು ಪಂದ್ಯದಲ್ಲಿ ನಾಲ್ಕು ಗೋಲು ಬಿಟ್ಟರೆ ಮರುದಿನ ಪತ್ರಿಕೆಯಲ್ಲಿ ಅವನದೇ ಸುದ್ದಿ. ಹ್ಯಾಂಡ್‌ಬಾಲ್‌ನಲ್ಲಿ ಒಂದು ತಂಡ 60 ನಿಮಿಷದಲ್ಲಿ 25ರಿಂದ 35 ಗೋಲು ಹೊಡೆಯುವುದು ಮಾಮೂಲು. ಗೋಲಿನತ್ತ ಬಂದ ನೂರು ಎಸೆತಗಳಲ್ಲಿ 30ರಿಂದ 35ನ್ನು ತಡೆದವನು ಮೇಲ್ಮಟ್ಟದ ಕೀಪರ್. 40 ದಾಟಿಸಿದ ದಿನ ಅವನ ತಂಡ ಸೋಲುವುದು ಅಪರೂಪ. ಮೂರರಲ್ಲಿ ಎರಡನ್ನು ಬಿಟ್ಟೂ ಗೆಲ್ಲುವ ಕೆಲಸವಿದು.

ಉಗಮ

ಆಟದ ಬೇರು ಡೆನ್ಮಾರ್ಕಿನಲ್ಲಿದೆ. ಓರ್ಡ್ರಪ್ ಊರಿನ ಶಿಕ್ಷಕ ಹೋಲ್ಗರ್ ನೀಲ್ಸನ್ 1898ರ ಸುಮಾರಿಗೆ ಶಾಲೆಯ ಹುಡುಗರಿಗೆ ಕೈಯಿಂದ ಆಡುವ ಚೆಂಡಾಟ ಕಲಿಸಿ, 1906ರಲ್ಲಿ ಅದರ ನಿಯಮಗಳನ್ನು ಅಚ್ಚುಹಾಕಿಸಿದರು. ಬರ್ಲಿನ್‌ನಲ್ಲಿ ಮ್ಯಾಕ್ಸ್ ಹೈಸರ್ 1917ರ ಅಕ್ಟೋಬರ್ 29ರಂದು ಹೆಂಗಸರಿಗಾಗಿ ಇನ್ನೊಂದು ನಿಯಮಾವಳಿ ರೂಪಿಸಿದರು. ಎರಡು ವರ್ಷಗಳ ಬಳಿಕ ಕಾರ್ಲ್ ಶೆಲೆಂಜ್ ಅದನ್ನು ತಿದ್ದಿ ಗಂಡಸರ ಆಟಕ್ಕೂ ಹೊಂದಿಸಿದರು.

ಜರ್ಮನಿಯಲ್ಲಿ ಬೆಳೆದದ್ದು ಹನ್ನೊಂದು ಮಂದಿಯ ಆಟ. ಫುಟ್‌ಬಾಲ್ ಮೈದಾನವೇ ಅದರ ಅಂಗಣ, ಫುಟ್‌ಬಾಲ್ ಗೋಲೇ ಅದರ ಗೋಲು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಆಡಿದ್ದು ಇದನ್ನೇ. ಸ್ಕ್ಯಾಂಡಿನೇವಿಯಾದಲ್ಲಿ ಚಳಿಗಾಲ ಉದ್ದ. ಅಲ್ಲಿನವರು ಆಟವನ್ನು ಚಾವಣಿಯ ಕೆಳಗೆ ತಂದು, ಏಳು ಮಂದಿಗೆ ಇಳಿಸಿ, ಗೋಲನ್ನೂ ಕುಗ್ಗಿಸಿದರು. ಕೀಪರ್‌ನ ಕೆಲಸ ಬದಲಾದದ್ದು ಇಲ್ಲಿ. 7.32 ಮೀಟರ್ ಅಗಲದ ಗೋಲಿನಲ್ಲಿ ಹಾರಿ ಹಿಡಿಯುವುದು ಮುಖ್ಯ. 3 ಮೀಟರ್ ಅಗಲದ ಗೋಲಿನಲ್ಲಿ ಹಿಡಿಯಲು ಹೊತ್ತಿಲ್ಲ, ಅಡ್ಡ ನಿಂತರೆ ಸಾಕು. 1946ರಲ್ಲಿ ಅಂತರರಾಷ್ಟ್ರೀಯ ಹ್ಯಾಂಡ್‌ಬಾಲ್ ಫೆಡರೇಷನ್ ಹುಟ್ಟಿತು. 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಏಳು ಮಂದಿಯ ಒಳಾಂಗಣ ಆಟವೂ, 1976ರ ಮಾಂಟ್ರಿಯಲ್‌ಗೆ ಮಹಿಳಾ ವಿಭಾಗವೂ ಬಂದವು.

ಅಂಗಣ ಮತ್ತು ನಿಯಮ

ಅಂಗಣ 40 ಮೀಟರ್ ಉದ್ದ, 20 ಮೀಟರ್ ಅಗಲ. ಗೋಲಿನ ಒಳ ಅಳತೆ 3 ಮೀಟರ್ ಅಗಲ, 2 ಮೀಟರ್ ಎತ್ತರ. ಎಂದರೆ 6 ಚದರ ಮೀಟರ್. ಹಾಕಿ ಗೋಲು ಇದಕ್ಕಿಂತ ಸ್ವಲ್ಪ ದೊಡ್ಡದು, ಫುಟ್‌ಬಾಲ್ ಗೋಲು ಹೆಚ್ಚುಕಡಿಮೆ ಮೂರು ಪಟ್ಟು. ಗಂಡಸರ ಚೆಂಡಿನ ಸುತ್ತಳತೆ 58ರಿಂದ 60 ಸೆಂಟಿಮೀಟರ್, ತೂಕ 425ರಿಂದ 475 ಗ್ರಾಂ. ಹೆಂಗಸರದು ಮತ್ತು ಬೆಳೆಯುವ ಹುಡುಗರದು ಇದಕ್ಕಿಂತ ಒಂದು ಅಳತೆ ಕಿರಿದು.

ಗೋಲು ವಲಯದೊಳಗೆ ಕಾಲಿಡುವ ಹಕ್ಕು ಕೀಪರ್‌ಗೆ ಮಾತ್ರ. ಆದರೆ ಎದುರಾಳಿ ಗೆರೆಯಾಚೆಯಿಂದ ನೆಗೆದು, ನೆಲ ಮುಟ್ಟುವ ಮೊದಲೇ ಚೆಂಡು ಬಿಟ್ಟರೆ ಅದು ಸರಿಯಾದ ಎಸೆತ. ಹಾಗಾಗಿ ಆರು ಮೀಟರ್ ಎಂಬುದು ಕಾಗದದ ಮೇಲಿನ ದೂರ. ಒಳ್ಳೆಯ ನೆಗೆತಗಾರ ಗಾಳಿಯಲ್ಲೇ ತೇಲಿಬಂದು ಮೂರು ನಾಲ್ಕು ಮೀಟರಿನಿಂದ ಹೊಡೆಯುತ್ತಾನೆ.

ವಲಯದೊಳಗೆ ಕೀಪರ್ ಚೆಂಡು ಹಿಡಿದು ಎಷ್ಟು ಹೆಜ್ಜೆಯಾದರೂ ಇಡಬಹುದು. ಅಂಗಣದ ಆಟಗಾರನಿಗಿರುವ ಮೂರು ಹೆಜ್ಜೆ, ಮೂರು ಸೆಕೆಂಡಿನ ಕಟ್ಟು ಅವನಿಗಿಲ್ಲ. ಕೈಯಲ್ಲಿ ಚೆಂಡಿಲ್ಲದಾಗ ವಲಯದಿಂದ ಹೊರಬಂದು ಎಲ್ಲರಂತೆ ಆಡಬಹುದು. ಚೆಂಡು ಹಿಡಿದುಕೊಂಡು ಹೊರಬರುವುದು ತಪ್ಪು, ಹೊರಗಿದ್ದ ಚೆಂಡನ್ನು ಒಳಗೆ ತರುವುದೂ ತಪ್ಪು. ಅವನ ಮೈಗೆ ತಗುಲಿ ಚೆಂಡು ಹಿಂಗೆರೆ ದಾಟಿದರೆ ಎದುರಾಳಿಗೆ ಏನೂ ಸಿಗುವುದಿಲ್ಲ, ಕೀಪರ್‌ನೇ ಮತ್ತೆ ಎಸೆದು ಆಟ ಮುಂದುವರಿಸುತ್ತಾನೆ. ಫುಟ್‌ಬಾಲ್ ನೋಡಿ ಬಂದವರು ಇಲ್ಲಿ ಕಾರ್ನರ್ ಕಾಯುತ್ತ ನಿಲ್ಲುವುದುಂಟು. ಪೆನಾಲ್ಟಿಯ ಹೊತ್ತಿನಲ್ಲಿ ಕೀಪರ್ ಗೋಲಿನಿಂದ ನಾಲ್ಕು ಮೀಟರ್ ದೂರದ ಗುರುತಿನವರೆಗೆ ಮುಂದೆ ಬರಬಹುದು, ಅದನ್ನು ದಾಟುವಂತಿಲ್ಲ.

ಉಡುಪು ಸರಳ: ತಂಡದ ಬಣ್ಣಕ್ಕಿಂತ ಬೇರೆಯಾದ ಅಂಗಿ, ಉದ್ದ ಪ್ಯಾಂಟು, ಒಳಗೆ ಜನನಾಂಗದ ರಕ್ಷಾಕವಚ. ಹಾಕಿ ಕೀಪರ್‌ನಂತೆ ಪ್ಯಾಡು, ಹೆಲ್ಮೆಟ್ ಇಲ್ಲ. ಫುಟ್‌ಬಾಲ್ ಕೀಪರ್‌ನಂತೆ ಕೈಗವಸೂ ಇಲ್ಲ.

ತಡೆಯುವ ಬಗೆ

ಗಂಟೆಗೆ ನೂರು ಕಿಲೋಮೀಟರ್ ವೇಗದ ಚೆಂಡು ಒಂಬತ್ತು ಮೀಟರನ್ನು ಸುಮಾರು 0.32 ಸೆಕೆಂಡಿನಲ್ಲಿ, ಏಳು ಮೀಟರನ್ನು 0.25 ಸೆಕೆಂಡಿನಲ್ಲಿ ದಾಟುತ್ತದೆ. ಕಣ್ಣು ಕಂಡದ್ದಕ್ಕೆ ಮೈ ಅಲುಗಲು ಮನುಷ್ಯನಿಗೆ ಬೇಕಾಗುವ ಹೊತ್ತೇ ಸುಮಾರು 0.2 ಸೆಕೆಂಡ್. ಚೆಂಡು ಕೈಬಿಟ್ಟ ಮೇಲೆ ನೋಡಿ ತಡೆಯುತ್ತೇನೆ ಎಂದರೆ ಆಗದು. ಕೀಪರ್ ನೋಡುವುದು ಚೆಂಡನ್ನಲ್ಲ, ಅದಕ್ಕೂ ಮೊದಲಿನದನ್ನು: ಓಡಿಬರುವವನ ಕೊನೆಯ ಹೆಜ್ಜೆ, ಭುಜ ತಿರುಗಿದ ದಿಕ್ಕು, ಮೊಣಕೈ ಇರುವ ಎತ್ತರ, ಕೊನೆಗೆ ಮಣಿಕಟ್ಟು. ದೀಪಾವಳಿಯ ಹೊತ್ತಿಗೆ ಹಾವೇರಿ ಸೀಮೆಯ ಊರುಗಳಲ್ಲಿ ಕೊಬ್ಬರಿ ಹೋರಿ ಹಿಡಿಯಲು ನಿಂತ ಹುಡುಗ ಹೋರಿಯ ಕೊಂಬನ್ನು ಬಿಟ್ಟು ಹೆಗಲನ್ನು ನೋಡುವಂತೆ.

ಎಸೆತ ಬರುವ ಜಾಗಕ್ಕೆ ತಕ್ಕಂತೆ ತಡೆಯೂ ಬೇರೆ. ಒಂಬತ್ತು ಮೀಟರಿನಾಚೆಯಿಂದ ಬರುವ ಎಸೆತಕ್ಕೆ ಕೀಪರ್ ಮತ್ತು ರಕ್ಷಣೆಯ ಆಟಗಾರರು ಗೋಲನ್ನು ಪಾಲು ಮಾಡಿಕೊಳ್ಳುತ್ತಾರೆ. ಎತ್ತಿದ ಕೈಗಳು ಒಂದು ಬದಿಯನ್ನು ಮುಚ್ಚುತ್ತವೆ, ಇನ್ನೊಂದು ಬದಿ ಕೀಪರ್‌ನ ಹೊಣೆ. ಮೂಲೆಯಿಂದ ಬರುವ ಎಸೆತಕ್ಕೆ ಅವನು ಹತ್ತಿರದ ಕಂಬಕ್ಕೆ ಮೈ ಆನಿಸುವಷ್ಟು ಸರಿದು, ಒಂದು ಕೈ ತಲೆಯ ಪಕ್ಕ ಎತ್ತಿ, ದೂರದ ಮೂಲೆಯನ್ನು ಮಾತ್ರ ತೆರೆದಿಟ್ಟು, ಹೊಡೆಯುವವನು ಅಲ್ಲಿಗೇ ಹೊಡೆಯುವಂತೆ ಮಾಡುತ್ತಾನೆ. ಆರು ಮೀಟರ್ ಗೆರೆಯ ಮೇಲೆ ಬೆನ್ನು ಕೊಟ್ಟು ನಿಂತ ಆಟಗಾರ ತಟ್ಟನೆ ತಿರುಗಿ ಹೊಡೆಯುವಾಗ ಓದಲು ಸಮಯವಿಲ್ಲ. ಆಗ ಒಂದೆರಡು ಹೆಜ್ಜೆ ಮುನ್ನುಗ್ಗಿ, ಎರಡು ಕೈ ಎರಡು ಕಾಲು ಒಟ್ಟಿಗೆ ಚಾಚಿ ನೆಗೆಯುವುದೇ ದಾರಿ. ತೊಡೆಗೆ, ಹೊಟ್ಟೆಗೆ, ಕೆಲವೊಮ್ಮೆ ಮುಖಕ್ಕೆ ಚೆಂಡು ಬಡಿಯುತ್ತದೆ. ಆ ಹೊತ್ತಿನಲ್ಲಿ ಕಣ್ಣು ಮುಚ್ಚದಿರುವುದನ್ನು ತಿಂಗಳುಗಟ್ಟಲೆ ಕಲಿಸಬೇಕಾಗುತ್ತದೆ.

ತಡೆದೊಡನೆ ಕೆಲಸ ಮುಗಿಯುವುದಿಲ್ಲ. ಚೆಂಡು ಕೈಗೆ ಸಿಕ್ಕ ಕ್ಷಣವೇ ಓಡುತ್ತಿರುವ ತನ್ನವನಿಗೆ ಮೂವತ್ತು ಮೀಟರ್ ಉದ್ದದ ಪಾಸು ಹಾಕಿದರೆ ಎದುರಾಳಿ ತಿರುಗುವ ಮೊದಲೇ ಗೋಲು. ಕೀಪರ್‌ನ ಬೆಲೆ ಕಟ್ಟುವಾಗ ಈ ಪಾಸನ್ನು ಪ್ರೇಕ್ಷಕರು ಮರೆಯುತ್ತಾರೆ, ತರಬೇತುದಾರರು ಮರೆಯುವುದಿಲ್ಲ.

ಶೈಲಿಗಳು

ಯುರೋಪಿನಲ್ಲಿ ಎರಡು ಪರಂಪರೆಗಳನ್ನು ಸಾಮಾನ್ಯವಾಗಿ ಗುರುತಿಸುತ್ತಾರೆ. ಸ್ಕ್ಯಾಂಡಿನೇವಿಯಾದ್ದು ಜಾಗ ಹಿಡಿದು ತಾಳ್ಮೆಯಿಂದ ಕಾಯುವ, ಕೊನೆಯ ಗಳಿಗೆಯವರೆಗೆ ಅಲುಗದ ಶೈಲಿ. ಸ್ವೀಡನ್ನಿನ ಮ್ಯಾಟ್ಸ್ ಓಲ್ಸನ್, ಥಾಮಸ್ ಸ್ವೆನ್ಸನ್, ಪೀಟರ್ ಗೆಂಟ್ಸೆಲ್ ಇದರ ದೊಡ್ಡ ಹೆಸರುಗಳು. ಹಿಂದಿನ ಯುಗೊಸ್ಲಾವಿಯದ್ದು ಕೈಯನ್ನೂ ಕಾಲನ್ನೂ ಒಂದೇ ಬದಿಗೆ ಒಮ್ಮೆಲೇ ಎಸೆಯುವ ಚುರುಕಿನ ಶೈಲಿ. ಇಂದಿನ ಕೀಪರ್‌ಗಳು ಎರಡನ್ನೂ ಬೆರೆಸಿ ಆಡುವುದರಿಂದ ಈ ಗೆರೆ ಮಸುಕಾಗಿದೆ.

ವೃತ್ತಿಜೀವನ: ಸ್ಲೊವೇನಿಯದ ಉದಾಹರಣೆ

1991ರಲ್ಲಿ ಯುಗೊಸ್ಲಾವಿಯದಿಂದ ಬೇರೆಯಾದ ಸ್ಲೊವೇನಿಯದ ಜನಸಂಖ್ಯೆ ಸುಮಾರು 21 ಲಕ್ಷ. 2011ರ ಜನಗಣತಿಯಲ್ಲಿ ಹಾವೇರಿ ಜಿಲ್ಲೆಯೊಂದರದೇ ಸುಮಾರು 16 ಲಕ್ಷ. ಸ್ಲೊವೇನಿಯದ ಸೆಲ್ಯೆ ಎಂಬ ಪಟ್ಟಣ ಜನಸಂಖ್ಯೆಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಷ್ಟೇ: 40 ಸಾವಿರದ ಆಸುಪಾಸು. 2004ರಲ್ಲಿ ಅದರ ಕ್ಲಬ್ ಸೆಲ್ಯೆ ಪಿವೊವಾರ್ನ ಲಾಶ್ಕೊ, ಜರ್ಮನಿಯ ಫ್ಲೆನ್ಸ್‌ಬುರ್ಗ್ ತಂಡವನ್ನು ಫೈನಲ್‌ನಲ್ಲಿ ಹಿಂದಿಕ್ಕಿ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದಿತು. ಅದಕ್ಕೂ ಮೊದಲು ರಾಜಧಾನಿ ಲ್ಯುಬ್ಲಿಯಾನದ ಮಹಿಳಾ ಕ್ಲಬ್ ಕ್ರಿಮ್ 2001 ಮತ್ತು 2003ರಲ್ಲಿ ಮಹಿಳೆಯರ ಚಾಂಪಿಯನ್ಸ್ ಲೀಗ್ ಗೆದ್ದಿತ್ತು. ಸಣ್ಣ ನಾಡೊಂದು ಇಷ್ಟು ಗಳಿಸಿದ್ದು ಜನಬಲದಿಂದಲ್ಲ. ಪಟ್ಟಣ ಪಟ್ಟಣಕ್ಕೂ ಒಳಾಂಗಣ, ಕ್ಲಬ್ಬು, ಕ್ಲಬ್ಬಿಗೆ ಸೇರಿದ ಎಳೆಯರ ತಂಡ ಇದ್ದದ್ದರಿಂದ.

ಆ ವ್ಯವಸ್ಥೆಯೊಳಗೆ ಬೆಳೆದ ಕೀಪರ್‌ನ ಬದುಕು ಹೇಗೆ ಸಾಗುತ್ತದೆ ಎಂಬುದಕ್ಕೆ ಗೊರಾಜ್ದ್ ಶ್ಕೋಫ್ ಒಳ್ಳೆಯ ಮಾದರಿ. 1977ರ ಜುಲೈ 11ರಂದು ನೊವೊ ಮೆಸ್ತೊದಲ್ಲಿ ಹುಟ್ಟಿದ ಶ್ಕೋಫ್ 2004ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದ ಸ್ಲೊವೇನಿಯ ತಂಡದಲ್ಲಿದ್ದರು. ಆ ಪಂದ್ಯಾವಳಿ ನಡೆದದ್ದು ತವರಿನಲ್ಲೇ. ಸೆಮಿಫೈನಲ್‌ನಲ್ಲಿ ಕ್ರೊವೇಷಿಯ ವಿರುದ್ಧ 27–25ರ ಗೆಲುವು. ಲ್ಯುಬ್ಲಿಯಾನದ ಫೈನಲ್‌ನಲ್ಲಿ ಜರ್ಮನಿಗೆ 25–30ರಿಂದ ಶರಣು. ಎದುರು ಗೋಲಿನಲ್ಲಿದ್ದವರು ಹೆನಿಂಗ್ ಫ್ರಿಟ್ಜ್. ಆ ವರ್ಷದ ವಿಶ್ವದ ಶ್ರೇಷ್ಠ ಆಟಗಾರ ಗೌರವ ಅವರ ಪಾಲಾಯಿತು.

ಆಗ ಶ್ಕೋಫ್‌ಗೆ 26. ಬೆನೊ ಲಪಾಯ್ನೆ, ದುಶಾನ್ ಪೊದ್ಪೆಚಾನ್ ಎಂಬ ಹಿರಿಯರಿಬ್ಬರು ಅದೇ ತಂಡದ ಕೀಪರ್‌ಗಳು. ಅಂಗಣದ ಆಟಗಾರನಾಗಿದ್ದರೆ ಎಡಬದಿ ಇಲ್ಲದಿದ್ದರೆ ಬಲಬದಿ, ಅದೂ ಅಲ್ಲದಿದ್ದರೆ ನಡುವೆ ಎಂದು ಜಾಗ ಹುಡುಕಬಹುದಿತ್ತು. ಗೋಲಿನಲ್ಲಿ ಇರುವುದು ಒಂದೇ ಜಾಗ. ಮುಂದಿನವನು ಗಾಯಗೊಳ್ಳಬೇಕು, ಇಲ್ಲವೇ ಮುಪ್ಪಾಗಬೇಕು, ಇಲ್ಲವೇ ಆ ದಿನ ಅವನ ಕೈ ನಡೆಯಬಾರದು. ಅಲ್ಲಿಯವರೆಗೆ ಎರಡನೆಯವನು ಬೆಂಚಿನ ಮೇಲೆ ಕೂತು ಎದುರಾಳಿಗಳ ಭುಜಗಳನ್ನು ಓದುತ್ತಿರುತ್ತಾನೆ. ಶ್ಕೋಫ್ ಸೆಲ್ಯೆಗೆ ಆಡಿದರು, ಕ್ರೊವೇಷಿಯದ ಝಾಗ್ರೆಬ್‌ಗೆ ಹೋದರು, 40ರ ಆಸುಪಾಸಿನಲ್ಲಿ ಜರ್ಮನಿಯ ಎರ್ಲಾಂಗನ್ ಕ್ಲಬ್ಬಿನ ಗೋಲು ಕಾದರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸ್ಲೊವೇನಿಯ ಆರನೆಯ ಸ್ಥಾನ ಪಡೆದಾಗ ಅವರಿಗೆ 39. ಮರುವರ್ಷ ಫ್ರಾನ್ಸಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಎಂಟು ಗೋಲುಗಳ ಹಿನ್ನಡೆಯಿಂದ ಎದ್ದು ಕ್ರೊವೇಷಿಯವನ್ನು 31–30ರಿಂದ ಸೋಲಿಸಿ ಸ್ಲೊವೇನಿಯ ಕಂಚು ಗೆದ್ದಿತು. ಎರ್ಲಾಂಗನ್‌ನ ಗೋಲು ಶ್ಕೋಫ್ ನಂತರ ಇನ್ನೊಬ್ಬ ಸ್ಲೊವೇನಿಯನ್ ಕ್ಲೆಮೆನ್ ಫೆರ್ಲಿನ್ ಕೈಗೆ ಬಂತು; 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯದಾದ ಸ್ಲೊವೇನಿಯ ತಂಡದ ಕೀಪರ್ ಅವರೇ.

ಇಷ್ಟು ದೀರ್ಘ ಬಾಳಿಕೆ ಗೋಲಿನಲ್ಲಿ ಅಪವಾದವಲ್ಲ. ಸ್ಪೇನಿನ ಅರ್ಪಾದ್ ಶ್ಟೆರ್ಬಿಕ್ ಅವರನ್ನು 2018ರ ಯುರೋಪಿಯನ್ ಚಾಂಪಿಯನ್‌ಷಿಪ್‌ನ ನಡುವೆ, 38ನೆಯ ವಯಸ್ಸಿನಲ್ಲಿ, ಗಾಯಗೊಂಡ ಕೀಪರ್‌ನ ಬದಲಿಗೆ ಕರೆಸಿಕೊಂಡರು. ಸ್ಪೇನ್ ಚಿನ್ನ ಗೆದ್ದಿತು. ನಾರ್ವೆಯ ಕತ್ರೀನ್ ಲುಂಡೆ 2008, 2012ರ ಒಲಿಂಪಿಕ್ ಚಿನ್ನಗಳ ಮೇಲೆ 2024ರಲ್ಲಿ ಮೂರನೆಯದನ್ನೂ ಕೂಡಿಸಿದಾಗ ವಯಸ್ಸು 44. ಓಟ ಕಡಿಮೆ ಎಂಬುದು ಒಂದು ಕಾರಣ. ದೊಡ್ಡ ಕಾರಣ ಬೇರೆ: ಹೊಡೆಯುವವರ ಮೈ ಓದುವ ವಿದ್ಯೆ ಸಾವಿರಾರು ಎಸೆತಗಳನ್ನು ಎದುರಿಸಿದ ಮೇಲೆ ಬರುವಂಥದ್ದು. ಹುಡುಗ 19ಕ್ಕೆ ಚುರುಕಾಗಿರಬಹುದು, ಕೀಪರ್ ಆಗುವುದು 25 ದಾಟಿದ ಮೇಲೆ.

ಕರ್ನಾಟಕದ ಗೋಲ್‌ಕೀಪರ್‌ಗಳು

ಕರ್ನಾಟಕದಲ್ಲಿ ಗೋಲ್‌ಕೀಪರ್ ಎಂಬ ಹೆಸರು ದೊಡ್ಡದಾದದ್ದು ಹ್ಯಾಂಡ್‌ಬಾಲ್‌ನಿಂದಲ್ಲ. ಮೊದಲು ಫುಟ್‌ಬಾಲ್‌ನಿಂದ, ಆಮೇಲೆ ಹಾಕಿಯಿಂದ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುಪಾಲು ಬರಿಗಾಲಲ್ಲಿ ಆಡಿದ ಭಾರತ ತಂಡ ಫ್ರಾನ್ಸಿಗೆ 1–2ರಿಂದ ಸೋತ ಪಂದ್ಯದಲ್ಲಿ ಗೋಲು ಕಾದವರು ಮೈಸೂರು ರಾಜ್ಯದ ಕೆ.ವಿ. ವರದರಾಜ್, ಭಾರತದ ಒಂದೇ ಗೋಲು ಹೊಡೆದ ಎಸ್. ರಾಮನ್ ಕೂಡ ಮೈಸೂರಿನ ಆಟಗಾರರೇ.

ಹಾಕಿಯಲ್ಲಿ 1972ರ ಮ್ಯೂನಿಕ್ ಕಂಚಿನ ತಂಡದ ಕೀಪರ್ ಮ್ಯಾನುಯೆಲ್ ಫ್ರೆಡರಿಕ್ ಹುಟ್ಟಿದ್ದು ಕಣ್ಣೂರಿನಲ್ಲಿ. ಸೇನೆ ಸೇರಿ ಬೆಂಗಳೂರಿನಲ್ಲಿ ಆಟ ಪಳಗಿಸಿಕೊಂಡು, ಅಲ್ಲೇ ನೆಲೆಸಿದರು. ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ಬಂದದ್ದು 2019ರಲ್ಲಿ, ಪದಕ ಗೆದ್ದ 47 ವರ್ಷಗಳ ಬಳಿಕ. 2025ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

1992ರ ಬಾರ್ಸಿಲೋನ ಒಲಿಂಪಿಕ್ಸ್‌ಗೆ ಹೋದ ಭಾರತದ ಇಬ್ಬರು ಕೀಪರ್‌ಗಳೂ ಕರ್ನಾಟಕದವರು: ಕೊಡಗಿನ ಅಂಜಪರವಂಡ ಸುಬ್ಬಯ್ಯ ಮತ್ತು ಬೆಂಗಳೂರಿನ ಆಶಿಷ್ ಬಲ್ಲಾಳ್. ಒಂದೇ ಜಾಗ, ಒಂದೇ ರಾಜ್ಯದ ಇಬ್ಬರು. ಸುಬ್ಬಯ್ಯ 1996ರ ಅಟ್ಲಾಂಟಕ್ಕೂ ಹೋದರು. ಬಲ್ಲಾಳರ ದಿನ ಬಂದದ್ದು 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ. ದಕ್ಷಿಣ ಕೊರಿಯ ವಿರುದ್ಧದ ಫೈನಲ್ 1–1ರಲ್ಲಿ ನಿಂತು ಟೈಬ್ರೇಕರ್‌ಗೆ ಹೋದಾಗ ಅವರು ಎರಡು ಹೊಡೆತ ತಡೆದರು. ಭಾರತಕ್ಕೆ 32 ವರ್ಷಗಳ ಬಳಿಕ ಏಷ್ಯನ್ ಚಿನ್ನ ಸಿಕ್ಕಿತು. ಅದಾದ ಕೆಲವೇ ದಿನಗಳಲ್ಲಿ ನಾಯಕ ಧನರಾಜ್ ಪಿಳ್ಳೈ ಸೇರಿ ಹಲವು ಹಿರಿಯರನ್ನು ತಂಡದಿಂದ ಕೈಬಿಟ್ಟಾಗ ಬಲ್ಲಾಳರ ಹೆಸರೂ ಆ ಪಟ್ಟಿಯಲ್ಲಿತ್ತು. ಚಿನ್ನ ಉಳಿಸಿಕೊಟ್ಟ ಕೈಗಳಿಗೆ ಸಂದ ಈ ಬಹುಮಾನಕ್ಕೆ ಭಾರತದ ಕ್ರೀಡಾ ಇತಿಹಾಸದಲ್ಲಿ ಜೊತೆಗಾರರು ಬೇಕಾದಷ್ಟು.

ಭಾರತದಲ್ಲಿ ಹ್ಯಾಂಡ್‌ಬಾಲ್

ಭಾರತೀಯ ಹ್ಯಾಂಡ್‌ಬಾಲ್ ಫೆಡರೇಷನ್ 1972ರಲ್ಲಿ ಸ್ಥಾಪನೆಯಾಯಿತು. ಏಷ್ಯನ್ ಕ್ರೀಡಾಕೂಟಕ್ಕೆ ಆಟ ಮೊದಲು ಬಂದದ್ದು 1982ರಲ್ಲಿ, ದೆಹಲಿಯಲ್ಲೇ. 2022ರಲ್ಲಿ ಭಾರತದ ಕಿರಿಯ ಮಹಿಳಾ ತಂಡ ಕಝಾಕಸ್ತಾನದ ಅಲ್ಮಾಟಿಯಲ್ಲಿ ಏಷ್ಯನ್ ಜೂನಿಯರ್ ಚಾಂಪಿಯನ್‌ಷಿಪ್ ಗೆದ್ದಿತು. 2023ರ ಜೂನ್‌ನಲ್ಲಿ ಜೈಪುರದಲ್ಲಿ ಪ್ರೀಮಿಯರ್ ಹ್ಯಾಂಡ್‌ಬಾಲ್ ಲೀಗ್‌ನ ಮೊದಲ ಆವೃತ್ತಿ ನಡೆದು ಮಹಾರಾಷ್ಟ್ರ ಐರನ್‌ಮೆನ್ ಪ್ರಶಸ್ತಿ ಪಡೆಯಿತು. ಆಡಿದ ಆರು ತಂಡಗಳಲ್ಲಿ ಕರ್ನಾಟಕದ ಹೆಸರಿನದು ಒಂದೂ ಇರಲಿಲ್ಲ.

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು

1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರೆಯಾದ ಹಾವೇರಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಹ್ಯಾಂಡ್‌ಬಾಲ್ ಇರುವುದು ಮುಖ್ಯವಾಗಿ ಶಾಲೆ ಕಾಲೇಜಿನ ಆಟವಾಗಿ. ಊರಿನ ಆಟಗಳು ಕಬಡ್ಡಿ, ಖೋಖೋ, ಕುಸ್ತಿ, ವಾಲಿಬಾಲ್. ಜಾತ್ರೆಯಲ್ಲಿ ಕುಸ್ತಿ, ದೀಪಾವಳಿಗೆ ಹೋರಿ, ಗಣಪತಿ ಹಬ್ಬಕ್ಕೆ ಕಬಡ್ಡಿ. ಇವುಗಳ ನಡುವೆ ಹ್ಯಾಂಡ್‌ಬಾಲ್‌ಗೆ ಜಾತ್ರೆಯೂ ಇಲ್ಲ, ಹಬ್ಬವೂ ಇಲ್ಲ. ಅದಕ್ಕಿರುವುದು ಶಿಕ್ಷಣ ಇಲಾಖೆಯ ವೇಳಾಪಟ್ಟಿ. ಇಲಾಖೆಯ ಕ್ರೀಡಾಕೂಟ ತಾಲ್ಲೂಕಿನಿಂದ ಜಿಲ್ಲೆ, ಅಲ್ಲಿಂದ ವಿಭಾಗ, ಕೊನೆಗೆ ರಾಜ್ಯ ಎಂದು ಮೆಟ್ಟಿಲು ಏರುತ್ತದೆ. 14, 17, 19 ವರ್ಷದೊಳಗಿನವರು ಎಂಬುದು ಇದರ ವಯೋವಿಭಾಗ. ಹಾವೇರಿಯ ತಂಡ ಬೆಳಗಾವಿ ವಿಭಾಗದಲ್ಲಿ ಆಡಬೇಕು.

ತಂಡ ಕಟ್ಟುವವರು ದೈಹಿಕ ಶಿಕ್ಷಕರು, ಮಕ್ಕಳ ಬಾಯಲ್ಲಿ ಪಿ.ಟಿ. ಮಾಸ್ತರು. ಚೆಂಡನ್ನು ಬಲವಾಗಿ ಎಸೆಯಲು ಬಂದವರೆಲ್ಲ ಅಂಗಣಕ್ಕೆ, ಉಳಿದ ಎತ್ತರದ ಹುಡುಗನೋ ಕಬಡ್ಡಿಯಲ್ಲಿ ಏಟಿಗೆ ಅಂಜದವನೋ ಗೋಲಿಗೆ: ಆಯ್ಕೆ ಬಹುತೇಕ ಹೀಗೆಯೇ. ಇದು ತಪ್ಪು ಆಯ್ಕೆಯೇನಲ್ಲ. ಎದುರಿನವನ ತೊಡೆ ಅಲುಗುವುದನ್ನು ನೋಡಿ ದಾಳಿ ಊಹಿಸುವ ಕಬಡ್ಡಿ ಹುಡುಗನಿಗೆ ಕೀಪರ್‌ಗೆ ಬೇಕಾದ ಕಣ್ಣು ಅರ್ಧ ತಯಾರಾಗಿಯೇ ಇರುತ್ತದೆ.

ಅಂಗಣ ಮಣ್ಣಿನದು, ಗೆರೆ ಸುಣ್ಣದ ಪುಡಿಯದು. ಕ್ರೀಡಾಕೂಟಗಳ ಹಂಗಾಮು ಆಗಸ್ಟ್, ಸೆಪ್ಟೆಂಬರ್. ಮಲೆನಾಡಿನ ಅಂಚಿನ ಹಾನಗಲ್ ಕಡೆ ಆಗ ಮಳೆ ಬಿಟ್ಟಿರುವುದಿಲ್ಲ, ಸವಣೂರಿನ ಎರೆನೆಲ ಒದ್ದೆಯಾದರೆ ಬೂಟಿಗೆ ಮೆತ್ತಿ ಕಾಲು ಏಳುವುದಿಲ್ಲ. ಒಣಗಿದ ಮೇಲೆ ಗರಸಿನ ಮೈದಾನ ಮೊಣಕಾಲು ತರಚುತ್ತದೆ. ಮರದ ಅಥವಾ ಸಿಂಥೆಟಿಕ್ ನೆಲದ ಮೇಲೆ ಕಲಿತ ಕೀಪರ್ ಕಾಲು ಚಾಚಿ ನೆಲಕ್ಕೆ ಜಾರಿ ಕೆಳಮೂಲೆಯ ಚೆಂಡು ತಡೆಯುತ್ತಾನೆ. ಮಣ್ಣಿನ ಮೇಲೆ ಹಾಗೆ ಜಾರಿದರೆ ಚರ್ಮ ಹೋಗುತ್ತದೆ. ಆದ್ದರಿಂದ ಇಲ್ಲಿಯ ಹುಡುಗ ನಿಂತೇ ಆಡಲು ಕಲಿಯುತ್ತಾನೆ, ಕೈ ಮುಟ್ಟುವಷ್ಟು ಎತ್ತರದ ಚೆಂಡಿಗೆ ಚುರುಕು, ಪಾದದ ಪಕ್ಕದ ಚೆಂಡಿಗೆ ಮಂದ. ವಿಭಾಗ ಮಟ್ಟಕ್ಕೆ ಹೋದಾಗ ಎದುರಾಳಿಗೆ ಈ ಗುಟ್ಟು ತಿಳಿಯಲು ಐದು ನಿಮಿಷ ಸಾಕು.

ಸದ್ಯದ ಸ್ಥಿತಿ

ಆಟದ ಇತ್ತೀಚಿನ ಎರಡು ನಿಯಮಗಳು ಕೀಪರ್‌ಗೆ ನೇರವಾಗಿ ಸಂಬಂಧಿಸಿದವು. 2016ರ ಜುಲೈನಿಂದ ಕೀಪರ್‌ನನ್ನು ಹೊರಗೆ ಕರೆಸಿ ಏಳನೆಯವನನ್ನು ದಾಳಿಗೆ ಇಳಿಸುವುದು ಸುಲಭವಾಯಿತು. ಬದಲಿ ಆಟಗಾರ ಕೀಪರ್‌ನ ಬಣ್ಣದ ಮೇಲಂಗಿ ತೊಡಬೇಕಿಲ್ಲ. ಹೀಗೆ ಗೋಲು ಖಾಲಿ ಬಿಟ್ಟು ದಾಳಿಗಿಳಿದ ತಂಡ ಚೆಂಡು ಕಳೆದುಕೊಂಡರೆ ಎದುರು ಕೀಪರ್ ತನ್ನ ವಲಯದಿಂದಲೇ ನೇರ ಗೋಲು ಎಸೆಯುತ್ತಾನೆ. ಕೀಪರ್‌ಗಳ ಹೆಸರಿನ ಮುಂದೆ ಗೋಲು ಬರೆಯುವುದು ಈಗ ಸಾಮಾನ್ಯ. 2022ರ ಜುಲೈನಿಂದ, ಅಡ್ಡ ಯಾರೂ ಇಲ್ಲದ ಎಸೆತ ಕೀಪರ್‌ನ ತಲೆಗೆ ನೇರ ಬಡಿದರೆ ಎಸೆದವನಿಗೆ ಎರಡು ನಿಮಿಷ ಹೊರಗೆ ಕೂರುವ ಶಿಕ್ಷೆ. ಪೆನಾಲ್ಟಿಯಲ್ಲಿ ಅಲುಗದೆ ನಿಂತ ಕೀಪರ್‌ನ ತಲೆಗೆ ಹೊಡೆದರೆ ಪಂದ್ಯದಿಂದಲೇ ಹೊರಗೆ.

ಹಾವೇರಿಯ ತಾಲ್ಲೂಕುಗಳಲ್ಲಿ ಇಂಥ ನಿಯಮಕ್ಕಿಂತ ವಯಸ್ಸಿನ ಲೆಕ್ಕವೇ ಹೆಚ್ಚು ಕಾಡುವುದು. ಪಿಯುಸಿ ಮುಗಿದೊಡನೆ ಶಾಲಾ ಕ್ರೀಡಾಕೂಟದ ಬಾಗಿಲು ಮುಚ್ಚುತ್ತದೆ. ಪದವಿಗೆ ಸೇರಿದವನಿಗೆ ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಗಳು, ದಸರಾ ಕ್ರೀಡಾಕೂಟ ಮತ್ತೆ ಮೂರು ವರ್ಷ ಸಿಗುತ್ತವೆ. ಆಮೇಲೆ ಆಡುವುದಕ್ಕೆ ಕ್ಲಬ್ ಬೇಕು, ಇಲ್ಲವೇ ಸೇನೆ, ರೈಲ್ವೆ, ಪೊಲೀಸ್ ತಂಡಗಳಲ್ಲಿ ಕೆಲಸ ಹಿಡಿಯಬೇಕು. ಶ್ಕೋಫ್ ಯುರೋಪಿಯನ್ ಬೆಳ್ಳಿ ಗೆದ್ದ 26ರ ವಯಸ್ಸಿಗೆ ಹಿರೇಕೆರೂರಿನ ಕಾಲೇಜು ಕೀಪರ್ ಆಟ ಬಿಟ್ಟು ನಾಲ್ಕೈದು ವರ್ಷ ಆಗಿರುತ್ತದೆ. ಆಟವನ್ನೇ ಹಿಡಿದು ಮುಂದುವರಿದವರು ಹೆಚ್ಚಾಗಿ ಬಿ.ಪಿ.ಎಡ್. ಮುಗಿಸಿ ದೈಹಿಕ ಶಿಕ್ಷಕರಾಗುತ್ತಾರೆ, ತಾಲ್ಲೂಕು ಕೂಟದಲ್ಲಿ ಸೀಟಿ ಹಿಡಿದು ರೆಫರಿಯಾಗುತ್ತಾರೆ.